ಮಾಸ್ಟ್ರು ಬಿಟ್ಟ ಎರಡು ಪುಟ

ನಮ್ಮ ಕ್ಯಾಂಪಿನಲ್ಲಿ ಯಾರಾದರೂ ಸತ್ತರೆ ಊರಿಗೆ ಫೋನ್ ಮಾಡುವ ಕೆಲಸ ಮಾಸ್ಟ್ರದು. ಕಂಪನಿಯೇನೂ ಅವರನ್ನು ಅದಕ್ಕೆ ನೇಮಿಸಿರಲಿಲ್ಲ. ಹೆಸರಿಗೆ ಅವರು ಕ್ಯಾಂಪ್ ಆಫೀಸಿನ ಗುಮಾಸ್ತರು. ರೂಮು ಹಂಚುವುದು, ರಜೆಯ ಅರ್ಜಿ ಬರೆದುಕೊಡುವುದು, ಯಾರ ವೀಸಾ ಯಾವಾಗ ಮುಗಿಯುತ್ತದೆಂದು ನೋಡಿಕೊಳ್ಳುವುದು, ಇಷ್ಟು. ಆದರೆ ತುಳು, ಕೊಂಕಣಿ, ಕನ್ನಡ, ಮಲಯಾಳ, ಹಿಂದಿ ಐದೂ ನಾಲಗೆಯ ಮೇಲಿದ್ದವರು ಅವರೊಬ್ಬರೇ. ಮೊದಲ ಸಲ ಅಂಥ ಫೋನ್ ಮಾಡಬೇಕಾಗಿ ಬಂದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದೆವು. ಇವರು ಎದ್ದು ಬಂದು ರಿಸೀವರ್ ಎತ್ತಿಕೊಂಡರು. ಅಲ್ಲಿಂದ ಮುಂದೆ ಆ ಕೆಲಸ ಅವರ ಕೊರಳಿಗೇ ಬಿತ್ತು.

ಅದಕ್ಕೆ ಅವರದೇ ಒಂದು ಕ್ರಮವಿತ್ತು. ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಕರವಸ್ತ್ರದಿಂದ ರಿಸೀವರ್ ಒರೆಸುತ್ತಿದ್ದರು. ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಮೊದಲು ಕೇಳಿ, ಹೆಂಡತಿ ಒಬ್ಬಳೇ ಇದ್ದರೆ ಪಕ್ಕದ ಮನೆಯವರ ನಂಬರ್ ಹುಡುಕಿ, ಅವರು ಹೋಗಿ ಅವಳ ಹತ್ತಿರ ಕೂತ ಮೇಲೆಯೇ ಮಾತು. ಆಗಲೂ ಸತ್ತ ಸುದ್ದಿ ಹೇಳುತ್ತಿರಲಿಲ್ಲ. ಮೊದಲ ಫೋನಿನಲ್ಲಿ ‘ಸ್ವಲ್ಪ ಹುಷಾರಿಲ್ಲ’. ಒಂದು ಗಂಟೆ ಬಿಟ್ಟು ‘ಸೀರಿಯಸ್ ಉಂಟು, ಆಸ್ಪತ್ರೆಗೆ ಸೇರಿಸಿದ್ದೇವೆ’. ಮೂರನೆಯದು ಹೆಂಡತಿಗಲ್ಲ, ಮಾವನಿಗೋ ಅಣ್ಣನಿಗೋ. ಆಮೇಲೆ ಒಂದು ಕಾಗದ. ನಿದ್ದೆಯಲ್ಲೇ ಹೋದರು, ನೋವಾಗಲಿಲ್ಲ, ಹಿಂದಿನ ದಿನವೂ ನಿಮ್ಮೆಲ್ಲರ ಹೆಸರು ಹೇಳುತ್ತಿದ್ದರು. ಹೆಸರು ಬದಲಾಗುತ್ತಿತ್ತು, ಕಾಗದ ಹೆಚ್ಚುಕಡಿಮೆ ಅದೇ.

‘ನೀವು ಸಾವನ್ನೂ ಕಂತಿನಲ್ಲಿ ಕೊಡ್ತೀರಲ್ಲ ಸಾರ್’ ಎಂದು ಒಮ್ಮೆ ಛೇಡಿಸಿದೆ.

‘ಒಟ್ಟಿಗೇ ಕೊಟ್ಟರೆ ಹೊರ್ಲಿಕ್ಕೆ ಆಗ್ಬೇಕಲ್ಲ ಮಾರಾಯ್ರೇ’ ಎಂದರು.

ನಾನು ಮೈಸೂರಿನವನು, ಗಲ್ಫಿನ ಆ ಕ್ಯಾಂಪಿನಲ್ಲಿ ಸೇಫ್ಟಿ ಆಫೀಸರ್. ಸೂರ್‌ನಿಂದ ಒಳಗೆ ಹೋದರೆ ಸಿಗುವ ಕಲ್ಲುಬಯಲಿನಲ್ಲಿ ಹಳ್ಳಿಗಳಿಗೆ ನೀರಿನ ಪೈಪ್ ಹಾಕುವ ಕಂಟ್ರಾಕ್ಟು ನಮ್ಮ ಕಂಪನಿಯದು. ಎರಡು ಸಾವಿರದ ಮೂರು ನಾಲ್ಕನೇ ಇಸವಿಯಿಂದ ಏಳೆಂಟು ವರ್ಷ ಆ ಬಯಲಿನಲ್ಲಿ ಕಳೆದೆ. ಹೆಂಡತಿ, ಮಗಳು ಮಸ್ಕತ್‌ನಲ್ಲಿ. ವಾರಕ್ಕೊಮ್ಮೆ ಹೋದರೆ ಮಗಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಸೇಫ್ಟಿ ಆಫೀಸರ್ ಎಂದರೆ ಜನ ಸಾಯದ ಹಾಗೆ ನೋಡಿಕೊಳ್ಳುವವನು ಎಂದು ನೀವು ಅಂದುಕೊಳ್ಳಬಹುದು. ನಾನು ಸತ್ತ ಮೇಲೆ ವರದಿ ಬರೆಯುವವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಆ ಥರದ ವರದಿ ಬರೆಯುವುದರಲ್ಲಿ ನನ್ನ ಕೈ ಪಳಗಿತ್ತು.

ಮಾಸ್ಟ್ರು ಮಂಗಳೂರಿನ ಕಡೆಯ ಕ್ಯಾಥೊಲಿಕರು. ಊರಿನಲ್ಲಿ ಇಗರ್ಜಿಯ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದ್ದರು, ಅದಕ್ಕೇ ಆ ಹೆಸರು. ಐವತ್ತೈದು ದಾಟಿತ್ತು. ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಒಂದು ಕಡೆಗೆ ವಾಲಿದ ಕತ್ತು. ಒಂದು ಚೂರು ಕಾಗದವನ್ನೂ ಎಸೆಯುತ್ತಿರಲಿಲ್ಲ. ಹರಿದ ರಜೆ ಅರ್ಜಿ, ಹಳೇ ಬಸ್ ಪಟ್ಟಿ, ತಾವು ಬರೆದ ಸಾವಿನ ಕಾಗದಗಳ ಕಾರ್ಬನ್ ಪ್ರತಿ, ಎಲ್ಲ ಮಂಚದ ಕೆಳಗಿನ ಒಂದು ಬಿಸ್ಕತ್ತಿನ ಡಬ್ಬದಲ್ಲಿ. ‘ಇದನ್ನೆಲ್ಲ ಇಟ್ಕೊಂಡು ಏನ್ ಮಾಡ್ತೀರಿ?’ ಎಂದರೆ ತಮ್ಮ ‘ಅಜ್ಜನ ಪುಸ್ತಕ’ದ ಕತೆ ತೆಗೆಯುತ್ತಿದ್ದರು.

ಆ ಪುಸ್ತಕದ ಬಗ್ಗೆ ಹೇಳಬೇಕು. ಅವರ ದಪ್ಪ ಬೈಬಲ್ಲಿನ ನಡುವೆ ಅದು ಇತ್ತು. ಕ್ರಿಸ್ತನಿಗಿಂತ ಇನ್ನೂರು ವರ್ಷದಷ್ಟು ಹಿಂದೆ ಒಬ್ಬ ಯಹೂದಿ ಮುದುಕ ಬರೆದ ಬುದ್ಧಿಮಾತುಗಳು. ಗೆಳೆಯನನ್ನು ಹೇಗೆ ಪರೀಕ್ಷಿಸಬೇಕು, ದೊಡ್ಡವರ ಮನೆಯ ಊಟದಲ್ಲಿ ಹೇಗೆ ಕೂರಬೇಕು, ವೈದ್ಯನಿಗೆ ಯಾಕೆ ಮರ್ಯಾದೆ ಕೊಡಬೇಕು, ಸತ್ತವರಿಗಾಗಿ ಎಷ್ಟು ಅತ್ತು ಯಾವಾಗ ಕಣ್ಣೊರೆಸಿಕೊಳ್ಳಬೇಕು, ಹೀಗೆ. ದೇವರು ಬೆಂಕಿಯಲ್ಲಿ ಬಂದು ಮಾತಾಡುವುದು, ಸಮುದ್ರ ಸೀಳುವುದು ಇಂಥದೇನೂ ಇಲ್ಲ, ಮನೆಯ ಹಿರಿಯ ಎಲೆ ಅಡಿಕೆ ಹಾಕಿಕೊಂಡು ಹೇಳುವ ಹಾಗಿತ್ತು. ಕೇರಳದ ಫೋರ್‌ಮನ್ ಒಬ್ಬ ಬೇರೆ ಪಂಗಡದ ಕ್ರಿಶ್ಚಿಯನ್. ಅವನು ಒಂದು ದಿನ ಮೆಸ್ಸಿಗೆ ತನ್ನ ಬೈಬಲ್ ತಂದು, ಪರಿವಿಡಿ ತೋರಿಸಿ, ‘ಇಂಥ ಪುಸ್ತಕವೇ ಇಲ್ಲ’ ಎಂದು ಜಗಳ ತೆಗೆದ. ನನಗೆ ತಮಾಷೆ. ಕ್ರಿಶ್ಚಿಯನ್ನರಲ್ಲೂ ಈ ಮಡಿ ಮೈಲಿಗೆ ಇದೆಯಾ ಎಂದು ಕೇಳಿದೆ.

ಮಾಸ್ಟ್ರು ಬೇಸರಪಡಲಿಲ್ಲ. ‘ಬರೆದದ್ದು ಯಹೂದಿ. ಯಹೂದಿಗಳೇ ಅದನ್ನು ತಮ್ಮ ಶಾಸ್ತ್ರದ ಪಟ್ಟಿಗೆ ಸೇರಿಸ್ಲಿಲ್ಲ. ಹಾಗಂತ ದೂಡಿ ಹಾಕ್ಲೂ ಇಲ್ಲ, ಅವರ ಗುರುಗಳು ಅದರ ಮಾತು ಎತ್ತಿ ಹೇಳ್ತಾ ಇದ್ರು. ನಮ್ಮವರು ಒಳಗೆ ಇಟ್ಕೊಂಡ್ರು, ಇವನ ಪಂಗಡದವರು ಹೊರಗೆ ಇಟ್ರು. ಜಗಲಿಯಲ್ಲಿ ಕೂತ ನೆಂಟ ಮಾರಾಯ್ರೇ. ಒಳಗೆ ಕರೀಲಿಕ್ಕಿಲ್ಲ, ಹೋಗು ಅನ್ಲಿಕ್ಕೂ ಇಲ್ಲ. ಆದರೆ ದಾರಿಯಲ್ಲಿ ಹೋಗುವವರ ಹತ್ರ ಮಾತಾಡುವುದು ಜಗಲಿಯಲ್ಲಿ ಕೂತವನೇ ಅಲ್ವಾ?’

ಅಜ್ಜ ಹೀಬ್ರೂವಿನಲ್ಲಿ ಬರೆದಿದ್ದನ್ನು ಮೊಮ್ಮಗ ಈಜಿಪ್ಟಿಗೆ ಹೊಟ್ಟೆಪಾಡಿಗೋ ಏನೋ ಹೋದವನು ಅಲ್ಲಿ ಕೂತು ಗ್ರೀಕಿಗೆ ತಂದನಂತೆ. ಮುನ್ನುಡಿಯಲ್ಲಿ, ಎಲ್ಲಾದರೂ ಸರಿಯಾಗಿ ಹೇಳಲು ಆಗದಿದ್ದರೆ ಮನ್ನಿಸಿ ಎಂದು ಕೇಳಿಕೊಂಡಿದ್ದಾನಂತೆ. ಪರದೇಶದಲ್ಲಿ ಕೂತು ಕ್ಷಮೆ ಕೇಳುವ ಆ ಮೊಮ್ಮಗ ಮಾಸ್ಟ್ರಿಗೆ ಅಜ್ಜನಿಗಿಂತ ಹೆಚ್ಚು ಇಷ್ಟ. ಅಜ್ಜನ ಮೂಲ ಕಳೆದೇ ಹೋಗಿತ್ತು. ನೂರಾರು ವರ್ಷ ಯಾರಿಗೂ ಸಿಗಲಿಲ್ಲ. ಕೊನೆಗೆ ಕೈರೋದ ಒಂದು ಪ್ರಾರ್ಥನಾ ಮಂದಿರದ ಕತ್ತಲೆ ಕೋಣೆಯಲ್ಲಿ ಹಾಳೆಗಳು ಸಿಕ್ಕವು. ದೇವರ ಹೆಸರಿರುವ ಕಾಗದ ಎಸೆಯಬಾರದೆಂದು ಅಲ್ಲಿಯವರು ಹಳೇ ಕಾಗದವನ್ನೆಲ್ಲ ಆ ಕೋಣೆಗೆ ತುಂಬುತ್ತಿದ್ದರಂತೆ. ‘ಎಸೆಯದಿದ್ದದ್ದಕ್ಕೆ ಸಿಕ್ಕಿತು ನೋಡಿ’ ಎಂದು ಬಿಸ್ಕತ್ತಿನ ಡಬ್ಬ ತಟ್ಟುತ್ತಿದ್ದರು.

ಅವರು ಆ ಪುಸ್ತಕವನ್ನು ತುಳುವಿಗೆ ತರುತ್ತಿದ್ದರು. ಆಫೀಸಿನ ಉದ್ದ ರಿಜಿಸ್ಟರಿನಲ್ಲಿ, ಕನ್ನಡ ಲಿಪಿಯಲ್ಲಿ. ಶುಕ್ರವಾರ ರಜೆ. ಮಧ್ಯಾಹ್ನದ ಊಟ ಆದ ಮೇಲೆ ಮೆಸ್ಸಿನ ತಗಡಿನ ನೆರಳಿನಲ್ಲಿ ತುಳು ಮಾತಾಡುವ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ವೆಲ್ಡರುಗಳು, ಡ್ರೈವರುಗಳು. ಒಬ್ಬರೂ ಕ್ರಿಶ್ಚಿಯನ್ನರಲ್ಲ. ಭೂತಕ್ಕೂ ಕೈಮುಗಿಯುವವರು, ಅಜ್ಜನಿಗೂ ಕಿವಿಗೊಡುತ್ತಿದ್ದರು. ಇವರು ಒಂದು ಮಾತು ಓದಿದರೆ ಅವರು ಅದಕ್ಕೆ ಸಮನಾದ ಗಾದೆ ಹೇಳಬೇಕು, ಅದು ಆಟ. ನಾಲಗೆಯ ಬಗ್ಗೆ ಅಜ್ಜ ಹೇಳಿದ್ದಕ್ಕೆ ನಾನೂ ನನ್ನ ಮೈಸೂರು ಕಾಣಿಕೆಯಾಗಿ ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂದಿದ್ದೆ. ಮಾಸ್ಟ್ರು ಅದನ್ನು ರಿಜಿಸ್ಟರಿನ ಅಂಚಿನಲ್ಲಿ ಬರೆದುಕೊಂಡರು.

ಆ ರಿಜಿಸ್ಟರಿನಲ್ಲಿ ಎರಡು ಪುಟ ಖಾಲಿ ಇದ್ದವು. ತಿರುವುವಾಗ ನನ್ನ ಕಣ್ಣಿಗೆ ಬಿತ್ತು. ಇದೇನು ಎಂದು ಕೇಳಿದೆ. ಸುಳ್ಳು ಹೇಳುವವರ ಬಗ್ಗೆ ಅಜ್ಜ ಬರೆದ ಭಾಗವಂತೆ. ‘ಅದು ತುಳುವಿಗೆ ಸರಿ ಬರುವುದಿಲ್ಲ. ಮತ್ತೆ ನೋಡುವ’ ಎಂದು ಪುಟ ಮಗುಚಿದರು. ಊಟದ ಶಿಷ್ಟಾಚಾರ ತುಳುವಿಗೆ ಬರುತ್ತದೆ, ಸುಳ್ಳು ಬರುವುದಿಲ್ಲವೇ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಶುಕ್ರವಾರದ ಆ ಗುಂಪಿನಲ್ಲಿದ್ದ ಒಬ್ಬ ವೆಲ್ಡರ್ ಒಂದು ಜೂನ್ ಮಧ್ಯಾಹ್ನ ಪೈಪಿನ ಕಂದಕದಲ್ಲಿ ಕೆಲಸ ಮಾಡುತ್ತಾ ಕುಸಿದ. ಆಳುದ್ದದ ಕಂದಕ, ಗಾಳಿಯಿಲ್ಲ, ಮೇಲಿನಿಂದ ಸೂರ್ಯ, ಕೆಳಗೆ ವೆಲ್ಡಿಂಗಿನ ಬೆಂಕಿ. ಮೇಲೆತ್ತಿದಾಗ ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು, ಬೆವರೇ ಇರಲಿಲ್ಲ. ಆಸ್ಪತ್ರೆ ತಲುಪುವುದರೊಳಗೆ ಮುಗಿದಿತ್ತು. ಮ್ಯಾನೇಜರು ನನ್ನನ್ನು ಕರೆದು, ‘ಹಾರ್ಟ್ ಅಟ್ಯಾಕ್ ಅಂತ ಬರೀರಿ, ಖಲಾಸ್. ಯಾರು ಸತ್ತರೂ ಕೊನೆಗೆ ಹಾರ್ಟ್ ನಿಲ್ಲಲೇಬೇಕಲ್ಲ’ ಎಂದರು. ಕ್ಯಾಂಪಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ಹೃದಯಾಘಾತ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ನನ್ನ ವೀಸಾ, ಮಗಳ ಸ್ಕೂಲು ಎಲ್ಲ ಅವರ ಕೈಯಲ್ಲಿತ್ತು ಎಂದು ಸಮಜಾಯಿಷಿ ಕೊಡಬಹುದು. ಆಗ ಅಷ್ಟು ಯೋಚನೆಯನ್ನೂ ಮಾಡಲಿಲ್ಲ, ಅಭ್ಯಾಸವಾಗಿತ್ತು.

ಮಾಸ್ಟ್ರು ಚಪ್ಪಲಿ ಬಿಟ್ಟು ಕೂತು ಮೂರು ಫೋನ್ ಮಾಡಿದರು. ಕಾಗದ ಬರೆದರು. ನಿದ್ದೆಯಲ್ಲೇ ಹೋದರು, ನೋವಾಗಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ, ಒಳ್ಳೆಯವರಲ್ಲವೇ. ಆ ಹೆಂಡತಿಗೆ ಎರಡು ಚಿಕ್ಕ ಮಕ್ಕಳು. ಸತ್ತವನ ಜಾಗ ಖಾಲಿ ಇದೆ, ಆ ವೀಸಾ ಅವರ ಮನೆಯವರಿಗೇ ಸಿಗಲಿ ಎಂದು ಇವರೇ ಮ್ಯಾನೇಜರ ಹಿಂದೆ ಬಿದ್ದರು. ನಮ್ಮಲ್ಲಿ ಇದು ದೊಡ್ಡ ಉಪಕಾರವೆಂದೇ ಲೆಕ್ಕ. ಹೋದವನ ಜಾಗಕ್ಕೆ ಅವನ ಮನೆಯವನೇ ಬಂದರೆ ಒಲೆ ಉರಿಯುತ್ತದೆ ಎಂದು ಎಲ್ಲರೂ ಮೆಚ್ಚಿಕೊಳ್ಳುತ್ತಾರೆ. ನಾನೂ ಮೆಚ್ಚಿಕೊಂಡೆ. ಅವಳ ತಮ್ಮನಿಗೆ ವೀಸಾ ಹೋಯಿತು. ಮುಂದಿನ ವರ್ಷ ಬೇಸಿಗೆಗೆ ಮುಂಚೆ ಅವನು ಬಂದಿಳಿದ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ಗಟ್ಟಿ ಆಳು, ಅವನೂ ವೆಲ್ಡರ್.

ಒಂದು ಶುಕ್ರವಾರ ಎಲ್ಲರೂ ಎದ್ದು ಹೋದ ಮೇಲೆ ಅವನು ಉಳಿದುಕೊಂಡ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ನಾನಿದ್ದೇನೆಂದೋ ಏನೋ ಕನ್ನಡದಲ್ಲೇ ಕೇಳಿದ.

‘ಮಾಸ್ಟ್ರೇ, ಭಾವ ನಿದ್ದೆಯಲ್ಲೇ ಹೋದದ್ದಾ? ರೂಮಿನವರು ಎಂತದೋ ಬೇರೆ ಹೇಳ್ತಾರೆ. ಬಿಸಿಲಿಗೆ ಆದದ್ದು ಅಂತ.’

ಮಾಸ್ಟ್ರು ನನ್ನ ಕಡೆ ನೋಡಿದರು. ನಾನು ಚಹಾದ ಲೋಟ ನೋಡಿದೆ.

‘ನಿದ್ದೆಯಲ್ಲೇ ಮಗಾ. ಅಕ್ಕನಿಗೆ ನಾನೇ ಬರೆದಿದ್ದೇನಲ್ಲ. ನೀನು ಅದನ್ನೆಲ್ಲ ತಲೆಗೆ ಹಾಕ್ಕೊಳ್ಬೇಡ.’

‘ನೀವು ಹೇಳಿದ ಮೇಲೆ ಮುಗೀತು’ ಎಂದು ಅವನು ಎದ್ದು ಹೋದ. ಮುಖದಲ್ಲಿ ಸಮಾಧಾನವಿತ್ತು. ಅದು ಈಗಲೂ ನನ್ನ ಕಣ್ಣ ಮುಂದಿದೆ.

ಆರು ವಾರವೂ ಆಗಿರಲಿಲ್ಲ. ಅದೇ ಥರದ ಕಂದಕ, ಅದೇ ಹೊತ್ತು. ತಲೆ ಸುತ್ತುತ್ತದೆ ಎಂದನಂತೆ. ಮೇಲೆ ಬಾ ಎಂದು ಜತೆಯವರು ಕರೆದರಂತೆ. ‘ಇದೊಂದು ಜಾಯಿಂಟ್ ಮುಗಿಸಿ ಬರ್ತೇನೆ’ ಎಂದು ಒಳಗೇ ಉಳಿದ. ಬಿಸಿಲು ಕೊಲ್ಲುತ್ತದೆ ಎಂದು ಗೊತ್ತಿದ್ದವನಾದರೆ ಅಲ್ಲಿಂದ ಹತ್ತಿ ಬರುತ್ತಿದ್ದ. ಅವನ ಭಾವ ನಿದ್ದೆಯಲ್ಲಿ ಸತ್ತಿದ್ದನಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು.

ಆ ದಿನ ಮಾಸ್ಟ್ರು ಚಪ್ಪಲಿ ಬಿಡಲಿಲ್ಲ, ರಿಸೀವರ್ ಒರೆಸಲಿಲ್ಲ. ನೇರ ಆ ಹೆಂಗಸಿಗೇ ಫೋನ್ ಮಾಡಿದರು. ತುಳುವಿನಲ್ಲಿ ಎರಡೇ ನಿಮಿಷ ಮಾತಾಡಿದರು. ಆಮೇಲೆ ಅವಳ ಮಾತು ಕೇಳಿಸಿಕೊಂಡರು. ಫೋನ್ ಇಟ್ಟ ಮೇಲೆ ಏನು ಹೇಳಿದಿರಿ ಎಂದು ಕೇಳಿದೆ.

‘ನಿಜ ಹೇಳಿದೆ. ತಮ್ಮ ಬಿಸಿಲಿಗೆ ಹೋದ, ಗಂಡನೂ ಬಿಸಿಲಿಗೇ ಹೋದದ್ದು, ನಾನು ಸುಳ್ಳು ಬರೆದೆ ಅಂತ.’

‘ಅವರೇನಂದ್ರು?’

ಮಾಸ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಇದನ್ನು ಆಗಲೇ ಹೇಳಿದ್ರೆ ನಾನು ತಮ್ಮನನ್ನು ಕಳಿಸ್ತಿದ್ದೆನಾ ಮಾಸ್ಟ್ರೇ ಅಂತ ಕೇಳಿದ್ಳು.’

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಕಂಪನಿ ಬಸ್ಸಿನ ಹಿಂದೆ ನಿಂತು ಅತ್ತೆ. ಅತ್ತು ಮುಗಿದ ಮೇಲೆ ಒಳಗೆ ಬಂದು ಎರಡನೆಯ ವರದಿಗೂ ಹೃದಯಾಘಾತ ಎಂದೇ ಸಹಿ ಹಾಕಿದೆ. ಇದನ್ನು ಮುಚ್ಚಿಟ್ಟು ಮಾಸ್ಟ್ರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ.

ಆ ಹೆಂಗಸಿನ ಕಡೆಯವರು ಯಾರನ್ನೋ ಹಿಡಿದು ಕಂಪನಿಗೆ ಪ್ರಶ್ನೆ ಕೇಳತೊಡಗಿದರು. ಸುದ್ದಿ ಯಾರ ಬಾಯಿಂದ ಹೋಯಿತೆಂದು ಕಂಪನಿಗೆ ತಿಳಿಯುವುದು ಕಷ್ಟವಿರಲಿಲ್ಲ. ಮಾಸ್ಟ್ರನ್ನು ಆಫೀಸಿನಿಂದ ತೆಗೆದು ಸೈಟಿಗೆ ಹಾಕಿದರು. ಕಂದಕದ ಪಕ್ಕ ನಿಂತು ಯಾರು ಯಾವಾಗ ಇಳಿದರು, ಯಾವಾಗ ಹತ್ತಿದರು ಎಂದು ಬರೆಯುವ ಕೆಲಸ. ಸಕ್ಕರೆ ಕಾಯಿಲೆ ಇದ್ದ ಐವತ್ತೆಂಟರ ಮನುಷ್ಯ. ರಾಜೀನಾಮೆ ಕೊಟ್ಟು ಊರಿಗೆ ಹೋಗಿ ಸಾರ್ ಎಂದು ನಾನು ಅಂಗಲಾಚಿದೆ.

‘ಈಗ ಹೋದರೆ ಇವರನ್ನು ಮೇಲೆ ಕರೆಯುವುದು ಯಾರು? ನೀವಾ?’ ಎಂದರು. ಕೊಂಕು ಇರಲಿಲ್ಲ, ನಿಜವಾಗಿಯೇ ಕೇಳಿದರು.

ಸೈಟಿನಲ್ಲಿ ಅವರು ಬೇರೆಯೇ ಮನುಷ್ಯರಾದರು. ಆ ಮೆತ್ತನೆ ದನಿ ಹೋಯಿತು. ಬೆವರು ನಿಂತವನನ್ನು, ಮಾತು ತೊದಲಿದವನನ್ನು ಕಂಡರೆ ಬೈದು ಮೇಲೆ ಹತ್ತಿಸುತ್ತಿದ್ದರು, ತಲೆಯ ಮೇಲೆ ನೀರು ಸುರಿಯುತ್ತಿದ್ದರು. ಹೊಸದಾಗಿ ಬಂದ ಪ್ರತಿಯೊಬ್ಬನಿಗೂ ಇಲ್ಲಿ ಭಾವ, ಭಾವಮೈದುನ ಇಬ್ಬರೂ ಹೇಗೆ ಸತ್ತರೆಂದು ಬಿಡಿಸಿ ಹೇಳುತ್ತಿದ್ದರು. ಶುಕ್ರವಾರದ ಓದು ನಿಂತಿತು. ರಿಜಿಸ್ಟರ್ ಎಲ್ಲಿ ಎಂದರೆ ‘ಉಂಟು, ಬರೀತಾ ಇದ್ದೇನೆ’ ಎನ್ನುತ್ತಿದ್ದರು. ಒಮ್ಮೆ ಮಾತ್ರ, ಕಂಪನಿ ಬಸ್ಸಿನಲ್ಲಿ ಪಕ್ಕ ಕೂತಾಗ, ‘ನನ್ನ ಮನೆಗೆ ಹೇಳುವ ಕಾಲ ಬಂದ್ರೆ ನೀವೇ ಹೇಳ್ಬೇಕು. ಕಂತು ಬೇಡ’ ಎಂದರು. ಏನೇನೋ ಮಾತಾಡ್ಬೇಡಿ ಸಾರ್ ಎಂದು ಬಾಯಿ ಮುಚ್ಚಿಸಿದೆ.

ಮರುವರ್ಷದ ಜುಲೈ. ಆ ಮಧ್ಯಾಹ್ನ ಮೂವರನ್ನು ಮೇಲೆ ಕರೆದು ನೀರಿನ ಟ್ಯಾಂಕರಿನ ನೆರಳಿಗೆ ಕಳಿಸಿದರಂತೆ. ನಾಲ್ಕನೆಯವನಾಗಿ ತಾವು ಹೋಗಬೇಕಿತ್ತು. ಹೆಸರು ಬರೆಯುವ ಹಲಗೆ ಕೈಯಲ್ಲಿ ಹಿಡಿದುಕೊಂಡೇ ಬಿದ್ದರು. ನಾನು ಆಸ್ಪತ್ರೆಗೆ ಹೋಗಿ ಹಣೆ ಮುಟ್ಟಿ ನೋಡಿದೆ. ಬಿದ್ದು ಗಂಟೆ ಕಳೆದಿದ್ದರೂ ಸುಡುತ್ತಿತ್ತು.

ಸಂಜೆ ಐದಕ್ಕೆ ಮ್ಯಾನೇಜರು ಕರೆದರು. ವರದಿ ಆಗಲೇ ಟೈಪ್ ಆಗಿತ್ತು, ಹೃದಯಾಘಾತ. ಸಹಿ ಹಾಕಿದೆ. ಮ್ಯಾನೇಜರ ಕಣ್ಣಲ್ಲೂ ನೀರಿತ್ತು, ಅವರು ಕೆಟ್ಟವರೇನಲ್ಲ. ‘ಅವರ ಮಗ ಡಿಪ್ಲೊಮಾ ಮುಗಿಸಿದ್ದಾನಂತಲ್ಲ. ಈ ವೀಸಾ ಅವನಿಗೇ ಕೊಡೋಣ. ಮನೆಯವರಿಗೆ ಹೇಳಿ’ ಎಂದರು.

ಆರು ಗಂಟೆಗೆ ಫೋನ್ ಮಾಡಿದೆ. ಅಲ್ಲಿ ಏಳೂವರೆ. ಹಿಂದಿನಿಂದ ನಾಲ್ಕಾರು ಜನ ಒಟ್ಟಿಗೆ ಪ್ರಾರ್ಥನೆ ಹೇಳುವ ದನಿ ಕೇಳುತ್ತಿತ್ತು. ಅವರ ಹೆಂಡತಿ ತೆಗೆದುಕೊಂಡರು. ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡು ಹೋಗಿದ್ದೆ. ಆದರೂ ಬಾಯಿಂದ ಬಂದದ್ದು ಅದೇ.

‘ಅಮ್ಮಾ, ಮಾಸ್ಟ್ರಿಗೆ ಸ್ವಲ್ಪ ಸೀರಿಯಸ್ ಆಗಿದೆ...’

‘ಸೀರಿಯಸ್ ಅಂತ ಹೇಳ್ಬೇಡಿ’ ಎಂದರು. ‘ಅವರು ಎಷ್ಟು ಮನೆಗೆ ಹಾಗೆ ಹೇಳಿದ್ದಾರೆ ಅಂತ ನನಗೆ ಗೊತ್ತುಂಟು. ಎಷ್ಟು ಗಂಟೆಗೆ ಹೋದ್ರು?’

‘ನಾಲ್ಕಕ್ಕೆ ಅಮ್ಮಾ.’

‘ಎಲ್ಲಿ?’

ಹೇಳಿದೆ. ಕಂದಕ, ಬಿಸಿಲು, ಮೂವರನ್ನು ನೆರಳಿಗೆ ಕಳಿಸಿದ್ದು, ಹಣೆ ಸುಡುತ್ತಿದ್ದದ್ದು. ಪ್ರಾರ್ಥನೆಯ ದನಿ ಯಾವಾಗ ನಿಂತಿತೋ ಗಮನಿಸಲಿಲ್ಲ. ಎಲ್ಲ ಕೇಳಿದ ಮೇಲೆ, ‘ನನಗೆ ಅಲ್ಲಿ ವೀಸಾ ಆಗ್ತದಾ ಅಂತ ಮಗ ಕೇಳ್ತಾ ಇದ್ದ, ಅಪ್ಪ ಬೇಡ ಅಂತಿದ್ರು’ ಎಂದು ನಿಲ್ಲಿಸಿದರು. ಕೇಳುತ್ತಿರುವುದು ನನ್ನನ್ನು ಎಂದು ಅರ್ಥವಾಯಿತು.

‘ಕೊಡ್ತೀವಿ ಅಂತಾರೆ. ಕಳಿಸ್ಬೇಡಿ ಅಮ್ಮಾ’ ಎಂದೆ.

‘ಆಯ್ತು’ ಎಂದು ಫೋನ್ ಇಟ್ಟರು. ಆ ಒಂದು ಮನೆಯ ಮಟ್ಟಿಗಾದರೂ ಮಾಸ್ಟ್ರ ಸಾವು ಅಲ್ಲಿಗೇ ನಿಂತಿತು ಎಂದುಕೊಂಡೆ.

ಅವರ ಸಾಮಾನು ಕಟ್ಟಲು ರೂಮಿಗೆ ಹೋದೆ. ಬಿಸ್ಕತ್ತಿನ ಡಬ್ಬದ ಕೆಳಗೆ ರಿಜಿಸ್ಟರ್ ಇತ್ತು. ಖಾಲಿ ಬಿಟ್ಟಿದ್ದ ಎರಡು ಪುಟ ಈಗ ತುಂಬಿದ್ದವು. ಅಜ್ಜನ ಮಾತು ಅಲ್ಲಿರಲಿಲ್ಲ. ಏಳು ಹೆಸರುಗಳಿದ್ದವು, ಅವರು ಊರಿಗೆ ಫೋನ್ ಮಾಡಿದ ಏಳು ಜನ. ಒಂದೊಂದು ಹೆಸರಿನ ಮುಂದೆ ಆ ಮನುಷ್ಯ ಎಲ್ಲಿ ಬಿದ್ದ, ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದ, ಕೊನೆಗೆ ಏನು ಕೇಳಿದ ಎಂದು ನಾಲ್ಕಾರು ಸಾಲು ತುಳು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಏಳನೆಯದು ಆ ತಮ್ಮನದು. ಅದರ ಕೆಳಗೆ ಒಂದು ಗೇಣು ಜಾಗ ಉಳಿದಿತ್ತು.

ರಿಜಿಸ್ಟರ್ ಅವರ ಸಾಮಾನಿನ ಪೆಟ್ಟಿಗೆಯ ಜತೆ ಊರಿಗೆ ಹೋಗುವುದಿತ್ತು. ಮಂಚದ ಮೇಲೆ ಕೂತು ಎಂಟನೆಯ ಹೆಸರು ನಾನು ಬರೆದೆ. ಎಲ್ಲಿ ಬಿದ್ದರು, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು. ತುಳು ಬರದ್ದಕ್ಕೆ ಕನ್ನಡದಲ್ಲಿ ಬರೆದಿದ್ದೇನೆ, ಮನ್ನಿಸಿ ಎಂದೂ ಸೇರಿಸಿದೆ. ಕೆಳಗೆ ಸಹಿ ಹಾಕಿದೆ. ಸಂಜೆ ಐದಕ್ಕೆ ಆ ವರದಿಗೆ ಹಾಕಿದ್ದೂ ಇದೇ ಸಹಿ.